ಸ್ಟ್ರಾಬೆರಿಗೆ ಕಟ್ಟಿದ ಕೊಟ್ಟೆ

ಸಾಗರ ಸೀಮೆಯಲ್ಲಿ ಮೊದಲು ಸ್ಟ್ರಾಬೆರಿ ಬೆಳೆದವಳು ನಾನೇ. ಅಲ್ಲ ಎನ್ನುವವರು ಬಂದು ನನ್ನೆದುರು ಹೇಳಲಿ!

ಶರಾವತಿಗೆ ಅಣೆಕಟ್ಟು ಕಟ್ಟಿ ಹಿನ್ನೀರು ನಿಂತ ಕಾಲ. ತೀರ್ಥಹಳ್ಳಿ ಕಡೆಯಿಂದ ಮದುವೆಯಾಗಿ ಬಂದ ನನಗೆ ಆ ತುಂಬಿದ ಮನೆಯಲ್ಲಿ ನನ್ನದು ಅಂತ ಇದ್ದದ್ದು ಒಂದು ಟ್ರಂಕು ಮಾತ್ರ. ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನನ್ನ ಅಣ್ಣ, ಸಂಕ್ರಾಂತಿ ಕಳೆದ ಮೇಲೆ, ದೊರೆಯ ಬಂಗಲೆಯಿಂದ ನಾಲ್ಕು ಸ್ಟ್ರಾಬೆರಿ ಸಸಿ ತಂದುಕೊಟ್ಟ. "ನೆಡೋ ಕಾಲ ದಾಟಿ ಹೋತು. ಬದುಕಿದ್ರೆ ನಿನ್ನ ಪುಣ್ಯ" ಎಂದ.

ಹಿತ್ತಲು ಅತ್ತೆಯ ರಾಜ್ಯ. ಒಂದು ಪಾತಿ ಕೊಡಿ ಎಂದು ಕೇಳಿದ್ದಕ್ಕೆ, "ಗುಡ್ಡದ ತುಂಬ ಮುಳ್ಳಣ್ಣು ಇದ್ದು, ಇದೆಂತಕ್ಕೆ?" ಎಂದು ಮೂಗು ಮುರಿದರು. ಕೊನೆಗೆ ಬಾವಿಕಟ್ಟೆಯ ಪಕ್ಕದ್ದನ್ನು ತೋರಿಸಿದರು. "ಹಣ್ಣಾದ್ರೆ ಪಾತಿ ನಿಂದು. ಮಳೆಗಾಲದೊಳಗೆ ಆಗದಿದ್ರೆ ಅಲ್ಲಿ ನಾನು ಮೆಣಸಿನ ಸಸಿ ನೆಡ್ತಿ."

ಯುಗಾದಿ ಕಳೆದು ಹೂ ಬಿಟ್ಟಿತು, ಕಾಯಿ ಕಚ್ಚಿತು. ಅಷ್ಟರಲ್ಲಿ ಹಾಳಾದ ಗುಡುಗುಮಳೆ! ಕೆಸರು ಸಿಡಿದು ಮೊದಲ ಕಾಯಿಗಳೆಲ್ಲ ಕೊಳೆತುಹೋದವು. ಅತ್ತುಬಿಟ್ಟೆ. ಆಮೇಲೆ ಅಟ್ಟದ ಮೇಲಿದ್ದ ಅಡಿಕೆ ಹಾಳೆಯ ಕೊಟ್ಟೆಗಳು ಕಣ್ಣಿಗೆ ಬಿದ್ದವು. ಅಡಿಕೆಗೆ ಕೊಳೆರೋಗ ಬರದಂತೆ ಮರ ಹತ್ತಿ ಗೊನೆಗೆ ಕಟ್ಟುವ ಟೋಪಿಗಳು ಅವು. ಅಡಿಕೆಗಾದರೆ ಇದಕ್ಕೇಕಾಗದು? ಪುಟ್ಟದಾಗಿ ಕತ್ತರಿಸಿ, ಕಡ್ಡಿ ಊರಿ, ಒಂದೊಂದು ಗೊಂಚಲಿಗೂ ಕಟ್ಟಿದೆ. ಕೆಳಗೆ ದರಕು, ಒಣಗಿದ ಎಲೆ ಹಾಸಿದೆ. ಬಿಸಿಲು ಬಂದರೆ ತೆಗೆಯುವುದು, ಮೋಡ ಕಂಡರೆ ಮುಚ್ಚುವುದು, ಇದೇ ಕೆಲಸ.

ನಮ್ಮ ಮರ ಹತ್ತುವ ಕೊನೆಗೌಡ ನೋಡಿ ಬಿದ್ದುಬಿದ್ದು ನಕ್ಕ. "ಅಮ್ಮಾ, ಕೊಟ್ಟೆ ಕಟ್ಟೋಕೆ ನನ್ನ ಕರೀಲೇ ಇಲ್ವಲ್ರಾ! ಈ ಮರ ಆದ್ರೆ ಕೂತ್ಕಂಡೇ ಹತ್ತುತಿದ್ದೆ."

ನಗು ಮಾರಾಯ, ನಗು ಎಂದುಕೊಂಡೆ. ಹಣ್ಣು ಕೆಂಪಗಾಯಿತು! ಮೊದಲನೆಯದನ್ನು ಅತ್ತೆಯ ಕೈಗಿಟ್ಟೆ. ಬಾಯಿಗೆ ಹಾಕಿಕೊಂಡು ಒಂದು ಕಣ್ಣು ಮುಚ್ಚಿದರು. "ಹುಳಿ" ಎಂದು ಒಳಗೆ ನಡೆದೇಬಿಟ್ಟರು. ಪಾತಿಯ ಸುದ್ದಿಯೇ ಇಲ್ಲ.

ಮರುದಿನ ಇಳಿಹೊತ್ತು ದೋಸೆ ಹೊಯ್ಯುತ್ತಿದ್ದೆ, ಗುಡುಗಿ ಮಳೆ ಸುರಿಯತೊಡಗಿತು. ಎಲ್ಲ ಬಿಟ್ಟು ಓಡಿದೆ. ಅತ್ತೆ ಆಗಲೇ ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮೈಯೆಲ್ಲ ತೋಯಿಸಿಕೊಂಡು, ಉಳಿದ ಕಾಯಿಗಳಿಗೆ ಕೊಟ್ಟೆ ಮುಚ್ಚುತ್ತಿದ್ದರು. ನನ್ನನ್ನು ಕಂಡದ್ದೇ ಗದರಿದರು.

"ಒಳಗೆ ಎಂತ ಮಾಡ್ತಾ ಇದ್ದೆ? ನಿನ್ನ ಪಾತಿ ನೀನೇ ನೋಡ್ಕ್ಯಳವು, ಅಲ್ದನೇ?"

ನಿನ್ನ ಪಾತಿ ಎಂದರಲ್ಲ! ನಾನು ಮಳೆಯಲ್ಲಿ ನಿಂತೇ ಇದ್ದೆ. ಒಳಗೆ ದೋಸೆ ಸೀದುಹೋಯಿತು.