ಒಂದು ಲೋಟ ಕಾಫಿ, ಒಂದು ದವಡೆಹಲ್ಲು

ಬಲಗಡೆಯ ಕೆಳಗಿನ ದವಡೆಹಲ್ಲು ಮೊದಲ ಸಲ ಜುಮ್ಮೆಂದದ್ದು ಎರಡು ವರ್ಷದ ಹಿಂದೆ, ಸ್ಕೂಲಿನ ಸ್ಟಾಫ್ ರೂಮಿನಲ್ಲಿ ನೀರು ಕುಡಿಯುವಾಗ. ಅಂದಿನಿಂದ ಎಡಗಡೆಯಲ್ಲೇ ಅಗಿದೆ. ಲವಂಗ ಕಚ್ಚಿದೆ. ನೋವಿನ ಮಾತ್ರೆ ನುಂಗಿ ಎಂಟನೇ ಕ್ಲಾಸಿಗೆ ಸಮಾಜ ಪಾಠ ಮಾಡಿದೆ. ಎರಡು ಸಲ ವಿಜಯನಗರದ ಡೆಂಟಲ್ ಕ್ಲಿನಿಕ್ಕಿನವರೆಗೆ ಹೋಗಿ, ಒಳಗಿನಿಂದ ಡ್ರಿಲ್ಲಿನ ಸದ್ದು ಕೇಳಿದ್ದೇ ತಡ, ಕೆಂಗೇರಿಗೆ ವಾಪಸ್ ಮೆಟ್ರೊ ಹತ್ತಿದೆ. ನನಗೆ ನಲವತ್ತೆಂಟು ವರ್ಷ.

ನಮ್ಮ ಮನೆಯವರಿಗೆ ಇದೊಂದು ತಮಾಷೆ. ಯಾರೇ ನೆಂಟರು ಬರಲಿ, "ಟೀಚರ್‌ಗೆ ಮಕ್ಕಳೆಲ್ಲ ಹೆದರ್ತಾರೆ, ಟೀಚರ್ ಹಲ್ಲಿನ ಡಾಕ್ಟರಿಗೆ ಹೆದರ್ತಾರೆ" ಅನ್ನುತ್ತಾರೆ. ನೆಂಟರು ನಗುತ್ತಾರೆ. ನಾನೂ ನಕ್ಕಿದ್ದೇನೆ, ಈಗ ಹೆಚ್ಚು ಸಿಟ್ಟು ತರಿಸುವುದು ಅದೇ. ಒಂಬತ್ತನೇ ವಯಸ್ಸಿನಲ್ಲಿ, ಮರಗಟ್ಟಿಸುವ ಇಂಜೆಕ್ಷನ್ ಹಿಡಿಯುವ ಮೊದಲೇ ಒಬ್ಬ ಡಾಕ್ಟರು ನನ್ನ ಹಲ್ಲು ಕಿತ್ತಿದ್ದರು. ಅಪ್ಪ ನನ್ನ ಎರಡೂ ಕೈ ಅದುಮಿ ಹಿಡಿದಿದ್ದರು. ಯಾಕೆ ಹೆದರುತ್ತೀಯ ಅಂತ ಈ ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ಇವರು ಒಮ್ಮೆಯೂ ಕೇಳಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ಎದ್ದು ನೋಡಿದರೆ ಅರ್ಧ ಮುಖ ಊದಿಕೊಂಡಿತ್ತು.

ಮೂರನೇ ಸಲ ಅದೇ ಕ್ಲಿನಿಕ್ಕಿಗೆ ಹೋದೆ. ಈ ಸಲ ಒಳಗೂ ಹೋದೆ. ಡಾಕ್ಟರು ಎಕ್ಸ್‌ರೇ ನೋಡಿ, ಬೇರಿನಲ್ಲಿ ಕೀವು ಕಟ್ಟಿದೆ, ಹಲ್ಲು ಕೀಳಲೇಬೇಕು, ಬಿಟ್ಟರೆ ಸೋಂಕು ಕುತ್ತಿಗೆಗೆ ಇಳಿಯಬಹುದು ಅಂದರು. ನಾನು ಬಾಗಿಲ ಕಡೆ ನೋಡಿದ್ದು ಅವರಿಗೆ ಕಂಡಿತು.

"ಮೇಡಂ, ಹೆದರೋರಿಗೆ ಅಂತಲೇ ಸೆಡೇಶನ್ ಇದೆ."

ಮೂರು ಬಗೆ ಹೇಳಿದರು. ಬರುವ ಮುಂಚೆ ನುಂಗುವ ಮಾತ್ರೆ. ಮೂಗಿನ ಮೇಲೆ ಮಾಸ್ಕ್ ಇಟ್ಟು ಕೊಡುವ ಗ್ಯಾಸ್. ಎಚ್ಚರ ಇರುತ್ತದೆ, ಭಯ ಸಡಿಲವಾಗುತ್ತದೆ. ಮೂರನೆಯದು ಕೈಯ ನರಕ್ಕೆ ಕೊಡುವ ಐವಿ ಸೆಡೇಶನ್; ಮಂಪರು ಬರುತ್ತದೆ, ಆಮೇಲೆ ಹೆಚ್ಚೇನೂ ನೆನಪಿರುವುದಿಲ್ಲ. ನನಗೆ ಅಲ್ಲೇ ಅಳು ಬಂತು. ಇಂಥದ್ದೊಂದು ಇದೆ ಅಂತ ಎರಡು ವರ್ಷದಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಬಾಯಿಬಿಟ್ಟು ಕೇಳಿರಲಿಲ್ಲ.

ಮೂರನೆಯದೇ ಬೇಕು ಅಂದೆ. ಆಂಟಿಬಯಾಟಿಕ್ ಬರೆದುಕೊಟ್ಟರು. ಅದನ್ನು ಕೊಡುವ ಅನಸ್ತೇಶಿಯಾ ಡಾಕ್ಟರು ಆ ಕ್ಲಿನಿಕ್ಕಿಗೆ ಬರುವುದು ಗುರುವಾರ ಮಾತ್ರ, ಅಂದರೆ ನಾಡಿದ್ದು. ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ಚೀಟಿಯಲ್ಲಿ ಬರೆದಿತ್ತು.

ಗುರುವಾರ ಇವರು ಅರ್ಧ ದಿನ ರಜೆ ಹಾಕಿದರು. ಎಂದೂ ಅಡುಗೆಮನೆಗೆ ಕಾಲಿಡದವರು ಬೆಳಿಗ್ಗೆ ತಾವೇ ಕಾಫಿ ಮಾಡಿ ತಂದರು. "ಕುಡಿಯೇ, ಏನೂ ಇಲ್ದೇ ಹೋದ್ರೆ ತಲೆ ತಿರುಗುತ್ತೆ." ಕುಡಿದೆ. ನಮ್ಮಲ್ಲಿ ಕಾಫಿ ಆಹಾರದ ಲೆಕ್ಕಕ್ಕೆ ಬರುವುದಿಲ್ಲ. ಶನಿವಾರದ ಉಪವಾಸಕ್ಕೂ ಕಾಫಿಗೆ ಅಡ್ಡಿಯಿಲ್ಲ. ತಿಥಿಯ ದಿನ ಊಟ ಮೂರು ಗಂಟೆಯಾದರೆ ಎರಡು ಸಲ ಕುಡಿಯುತ್ತೇವೆ. ಚೀಟಿಯನ್ನು ಎರಡು ಸಲ ಓದಿದ ಟೀಚರಿಗೂ ಹೊಳೆಯಲಿಲ್ಲ.

ಅನಸ್ತೇಶಿಯಾ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಬೆಳಿಗ್ಗೆ ಏನಾದ್ರೂ ತಗೊಂಡ್ರಾ?" ಅಂದಳು.

ನನಗಿಂತ ಮೊದಲು ಇವರೇ ಬಾಯಿ ಹಾಕಿದರು. "ಏನೂ ಇಲ್ಲ ಮೇಡಂ. ಬರೀ ಕಾಫಿ."

"ಹಾಲು ಹಾಕಿದ್ದಾ? ಎಷ್ಟೊತ್ತಿಗೆ?"

"ಎಂಟಕ್ಕೆ. ಒಂದೇ ಲೋಟ."

"ಹಾಗಾದ್ರೆ ಇವತ್ತು ಆಗಲ್ಲ."

ಮಂಪರಿನಲ್ಲಿ ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗಬಹುದಂತೆ. ಹಾಲು ಕುಡಿದ ಮೇಲೆ ಆರು ಗಂಟೆಯಾದರೂ ಕಳೆಯಬೇಕಂತೆ. ಮಧ್ಯಾಹ್ನ ಅವಳಿಗೆ ಬೇರೆ ಆಸ್ಪತ್ರೆಯಲ್ಲಿ ಕೆಲಸ. "ಕಾಫಿ ಏನ್ ಊಟಾನಾ ಮೇಡಂ?" ಅಂತ ಇವರು ವಾದಕ್ಕಿಳಿದರು. ಅವಳು ಜಗ್ಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಮಾಡಿದ್ದು ಇವರು, ಉಣ್ಣಬೇಕಾದವಳು ನಾನು.

ಊತ ಇಳಿದಿರಲಿಲ್ಲ. ಇನ್ನೊಂದು ವಾರ ಕಾಯುವ ಹಾಗಿಲ್ಲ ಅಂದರು ಹಲ್ಲಿನ ಡಾಕ್ಟರು. ಗ್ಯಾಸ್‌ಗೆ ಆ ಕಾಫಿ ಅಷ್ಟು ಅಡ್ಡಿಯಲ್ಲ, ಇವತ್ತೇ ಕೀಳಬಹುದು. ಆದರೆ ಎಚ್ಚರ ಇರುತ್ತದೆ. ಕೀವಿರುವ ಕಡೆ ಮರಗಟ್ಟಿಸುವ ಇಂಜೆಕ್ಷನ್ ಸುಲಭವಾಗಿ ಹಿಡಿಯುವುದಿಲ್ಲ, ಎರಡು ಮೂರು ಬೇಕಾದೀತು.

ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು.

"ಇವರನ್ನ ಹೊರಗೆ ಕೂರಿಸಿ," ಅಂದೆ. "ಯಾರೂ ನನ್ನ ಕೈ ಹಿಡ್ಕೋಬಾರ್ದು. ನಾನು ಕೈ ಎತ್ತಿದ್ರೆ ನಿಲ್ಲಿಸ್ಬೇಕು."

"ನಿಲ್ಲಿಸ್ತೀನಿ ಮೇಡಂ."

ಗ್ಯಾಸ್‌ಗೆ ಸಣ್ಣ ಸಿಹಿ ವಾಸನೆ. ಬೆರಳ ತುದಿ ಜೋಮು ಹಿಡಿದಂತಾಯಿತು. ಭಯ ಹೋಗಲಿಲ್ಲ, ಸ್ವಲ್ಪ ಆಚೆ ಸರಿದು ಕೂತಿತು ಅಷ್ಟೆ. ಏಳು ಸಲ ಕೈ ಎತ್ತಿದೆ. ಏಳು ಸಲವೂ ನಿಲ್ಲಿಸಿದರು. ಎರಡು ಸಲ ಇನ್ನಷ್ಟು ಇಂಜೆಕ್ಷನ್ ಕೊಟ್ಟರು. ಹಲ್ಲು ಎರಡು ಚೂರಾಗಿ ಬಂತು. ಎಲ್ಲ ಸೇರಿ ನಲವತ್ತು ನಿಮಿಷ.

ಮನೆಗೆ ಬಂದು ಹತ್ತಿ ಕಚ್ಚಿಕೊಂಡು ಮಲಗಿದ್ದೆ. ಇವರು ನಡುಮನೆಯಲ್ಲಿ ಕೂತು ತಮ್ಮ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರು: "ಏನೂ ಇಲ್ಲ ಕಣೇ, ಹತ್ತು ನಿಮಿಷದ ಕೆಲಸ. ಇವಳು ಸುಮ್ನೆ ಹೆದರ್ತಿದ್ಲು." ಕಾಫಿಯ ಮಾತು ಎತ್ತಲೇ ಇಲ್ಲ. ಎದ್ದು ಹೋಗಿ ಹೇಳಬೇಕು ಅನ್ನಿಸಿತು. ಬಾಯಿ ತೆರೆಯುವ ಹಾಗಿರಲಿಲ್ಲ.

ಈಗ ಊತ ಇಳಿದಿದೆ. ಮಾತು ಕೊಟ್ಟ ಹಾಗೆ ನಿಲ್ಲಿಸಿದ ಡಾಕ್ಟರಿಗೂ, ಇವರ ವಾದಕ್ಕೆ ಜಗ್ಗದ ಆ ಹೆಣ್ಣುಮಗಳಿಗೂ ನಾನು ಋಣಿ. ಎರಡು ವರ್ಷ ತಡ ಮಾಡಿದ್ದಕ್ಕೆ ಪಕ್ಕದ ಹಲ್ಲೂ ಹಾಳಾಗಿದೆ, ಮುಂದಿನ ವಾರ ಅದನ್ನೂ ಕೀಳಬೇಕು. ಯಾವ ಸೆಡೇಶನ್ ಅಂತ ರಿಸೆಪ್ಶನ್ ಹುಡುಗಿ ಕೇಳಿದಳು. ಐವಿ ಆದರೆ ಮನೆಯವರೊಬ್ಬರು ಜೊತೆಗೆ ಬರಲೇಬೇಕಂತೆ. ಗ್ಯಾಸ್ ಆದರೆ ಒಬ್ಬರೇ ಬಂದು, ಸ್ವಲ್ಪ ಹೊತ್ತು ಕೂತು, ಒಬ್ಬರೇ ಹೋಗಬಹುದಂತೆ.

ಗ್ಯಾಸ್ ಅಂತ ಬರೆಸಿದೆ.