ಈರಣ್ಣನ ಎಣ್ಣೆ ಬಟ್ಟೆ

ಕುಷನ್ ಈರಣ್ಣ ಯಾವ ಒರೆಸುವ ಬಟ್ಟೆಯನ್ನೂ ಮೂಸಿ ನೋಡದೆ ಕಾರಿನೊಳಕ್ಕೆ ಬಿಡುತ್ತಿರಲಿಲ್ಲ. ಒಗೆದು ಒಣಗಿಸಿದ್ದಾದರೂ ಸರಿ, ಮೂಗಿಗೆ ಹಿಡಿದು ಉಸಿರೆಳೆಯುತ್ತಿದ್ದ. ಪೆಟ್ರೋಲಿನ ವಾಸನೆ ಎಳ್ಳಷ್ಟು ಬಂದರೂ ಬೀದಿಗೆ ಎಸೆಯುತ್ತಿದ್ದ. "ಏನಣ್ಣ, ಹೆಣ್ಣು ನೋಡಾಕೆ ಬಂದೋರಂಗೆ ಬಟ್ಟೆ ನೋಡ್ತೀಯಲ್ಲ" ಎಂದು ನಾವು ಡ್ರೈವರುಗಳು ನಗುತ್ತಿದ್ದೆವು. "ನಗ್ರಪ್ಪ, ನಗ್ರಿ. ತಗಡು ಕೆಟ್ರೆ ಬಣ್ಣ ಹೊಡೀಬೋದು. ಪ್ಲಾಸ್ಟಿಕ್ಕು ಕೆಟ್ರೆ ಕೆಟ್ಟಂಗೇಯ" ಎನ್ನುತ್ತಿದ್ದ.

ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಕಾರುಗಳಿಗೆ ಬಣ್ಣ ಹೊಡೆಯುವವನ ಪಕ್ಕದಲ್ಲೇ ಅವನ ಅಂಗಡಿ. ಕಸುಬು ಸೀಟು ಹೊಲಿಯುವುದು. ಹೆಸರುವಾಸಿಯಾದದ್ದು ಮಾತ್ರ ಅಂಟು ತೆಗೆಯುವುದರಲ್ಲಿ. ಆಗೆಲ್ಲ ಡ್ಯಾಶ್‌ಬೋರ್ಡಿನ ತುಂಬ ದೇವರ ಸ್ಟಿಕ್ಕರು, ಪಕ್ಷದ ಸ್ಟಿಕ್ಕರು. ಬಿಸಿಲಿಗೆ ಕಾಗದ ಉದುರಿ, ಅಂಟಷ್ಟೇ ಉಳಿದು, ಧೂಳು ಹಿಡಿದು ಕರ್ರಗಾಗುತ್ತಿತ್ತು. ಈರಣ್ಣ ಅದಕ್ಕೆ ಬ್ಲೇಡು ಮುಟ್ಟಿಸುತ್ತಿರಲಿಲ್ಲ. ಗಾಣದಿಂದ ತಂದ ಕೊಬ್ಬರಿ ಎಣ್ಣೆಯನ್ನು ಸೋಸಿ, ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ತೊಟ್ಟು ಹಚ್ಚಿ ನೋಡುತ್ತಿದ್ದ. ಆಮೇಲೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಅಂಟಿನ ಮೇಲೆ ಹೊದಿಸಿ, ಬೀಡಿ ಹಚ್ಚಿ ಸುಮ್ಮನೆ ಕೂತುಬಿಡುತ್ತಿದ್ದ. ಅಂಟು ಮೆತ್ತಗಾದ ಮೇಲೆ ಬೆರಳ ತುದಿಯಿಂದ ಉರುಳಿಸುವುದು, ಹಟ ಮಾಡಿದ ಕಡೆ ಹಳೇ ಬಾಚಣಿಗೆಯ ಬೆನ್ನಿನಿಂದ ದೂಡುವುದು. ಕೊನೆಗೆ ಅಂಟುವಾಳದ ನೊರೆಯಲ್ಲಿ ಜಿಡ್ಡು ಒರೆಸುತ್ತಿದ್ದ. "ಅಂಟ್ಸೋಕೆ ಒಂದ್ ಗಳಿಗೆ ಸಾಕು ಕಣ್ಲಾ, ಬುಡ್ಸೋಕೆ ತಾಳ್ಮೆ ಬೇಕು" ಎಂಬ ಮಾತನ್ನು ದಿನಕ್ಕೆ ಹತ್ತು ಸಲವಾದರೂ ಆಡುತ್ತಿದ್ದ.

ಆ ತಾಳ್ಮೆ ನನಗಿರಲಿಲ್ಲ. ನಾನು ಕೊಬ್ಬರಿ ಮಂಡಿಯ ಯಜಮಾನರೊಬ್ಬರ ಕಾರು ಓಡಿಸುತ್ತಿದ್ದೆ. ನನಗಿಂತ ಹಿಂದಿನ ಡ್ರೈವರನ್ನು ಕಾರಿಗೆ ಬಿದ್ದ ಒಂದು ಗೀರಿಗೆ ಮನೆಗೆ ಕಳಿಸಿದ್ದ ಮನುಷ್ಯ ಅವರು. ಒಮ್ಮೆ ನೊಣವಿನಕೆರೆಯ ನೆಂಟರ ಮದುವೆಗೆ ಕಾರು ಕೊಟ್ಟರು. ಅಲ್ಲಿಯವರು ಡ್ಯಾಶ್‌ಬೋರ್ಡಿಗೂ ಮೀಟರಿನ ಮೇಲಿನ ಗಾಜಿನಂಥ ಪ್ಲಾಸ್ಟಿಕ್ಕಿಗೂ ಟೇಪು ಹಚ್ಚಿ ಹೂವು, ಬಣ್ಣದ ಕಾಗದ ಅಂಟಿಸಿದರು. ಎರಡು ದಿನ ಬಿಸಿಲಲ್ಲಿ ನಿಂತು ಬಂದ ಕಾರು ನೋಡಿ ಯಜಮಾನರು ಕೆಂಡವಾದರು. "ಸಾಯಂಕಾಲಕ್ಕೆ ಮೊದ್ಲಿನಂಗೆ ಇರ್ಬೇಕು. ಇಲ್ದಿದ್ರೆ ನೀನೂ ಬೇರೆ ಕೆಲ್ಸ ನೋಡ್ಕೋ" ಎಂದರು.

ಕಾರನ್ನು ನೇರ ಈರಣ್ಣನ ಅಂಗಡಿಗೆ ತಂದೆ. ಅವನು ಎಣ್ಣೆ ಬಟ್ಟೆ ಹೊದಿಸಿ, "ಉಂಡ್ಕಂಡು ಬತ್ತೀನಿ. ನೀನು ಮಾತ್ರ ಕೈ ಹಚ್ಬ್ಯಾಡ ಕಣಪ್ಪ" ಎಂದು ಹೇಳಿಯೇ ಹೋದ. ನಾನು ಕಾದೆ. ಕೆರೆದು ನೋಡಿದೆ, ಅಂಟು ಜಗ್ಗಲಿಲ್ಲ. ಪಕ್ಕದ ಬಣ್ಣದವನ ಅಂಗಡಿಯ ಡಬ್ಬದಿಂದ, ಬಣ್ಣ ಕರಗಿಸುವ ಥಿನ್ನರ್ ಸುರಿದುಕೊಂಡು ಅದೇ ಬಟ್ಟೆಯಲ್ಲಿ ಗಸಗಸ ಉಜ್ಜಿದೆ. ಅಂಟೇನೋ ಹೋಯಿತು. ಜೊತೆಗೆ ಡ್ಯಾಶ್‌ಬೋರ್ಡಿನ ಬಣ್ಣವೂ ಬಟ್ಟೆಗೆ ಬಂತು. ಮೀಟರಿನ ಮೇಲಿನ ಪ್ಲಾಸ್ಟಿಕ್ಕು ಪೊರೆ ಬಂದ ಕಣ್ಣಿನಂತೆ ಬೆಳ್ಳಗಾಗಿ, ಒಳಗಿನ ಮುಳ್ಳೇ ಕಾಣದಾಯಿತು.

ಅಷ್ಟರಲ್ಲಿ ಯಜಮಾನರು ಬಂದೇಬಿಟ್ಟರು. "ಯಾವನ್ಲಾ ಇದ್ನ ಮಾಡ್ದೋನು?"

"ಈರಣ್ಣ, ಯಜಮಾನ್ರೇ" ಎಂದೆ. ಥೂ, ನನ್ನ ಬಾಯಿಗೆ ಬೆಂಕಿ ಬೀಳ! ನಾಲಿಗೆ ತೊದಲಲೂ ಇಲ್ಲ.

ಈರಣ್ಣ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದ. ಇಡೀ ಗಲ್ಲಿಯ ಎದುರು ಯಜಮಾನರು ಬಾಯಿಗೆ ಬಂದಂತೆ ಬೈದರು. "ನಾನು ಥಿನ್ನರ್ ಮುಟ್ಟೋನೇ ಅಲ್ಲ ಬುದ್ಧೀ. ಬೇಕಾದ್ರೆ ಇವನ್ನೇ ಕೇಳಿ" ಎಂದು ನನ್ನ ಕಡೆ ಕೈ ತೋರಿಸಿದ. ಪಾಪ, ನನ್ನನ್ನು ಸಾಕ್ಷಿಗೆ ಕರೆದ. ನಾನು ನೆಲ ನೋಡಿದೆ. ಅವನು ಬಗ್ಗಿ ಆ ಬಟ್ಟೆಯನ್ನೆತ್ತಿಕೊಂಡು ಮೂಸಿದ. ನನ್ನ ಮುಖ ನೋಡಿದ. ಆಮೇಲೆ ಬಟ್ಟೆಯನ್ನು ಬೀದಿಗೆ ಎಸೆದು ಅಂಗಡಿಯೊಳಕ್ಕೆ ಹೋದ.

ಮುಂದಿನ ಸಂತೆಯ ಹೊತ್ತಿಗೆ ಎಲ್ಲ ಮಂಡಿಗಳಿಗೂ ಸುದ್ದಿ ಮುಟ್ಟಿತ್ತು. ಜನ ಅವನಿಗೆ ಥಿನ್ನರ್ ಈರಣ್ಣ ಎಂದು ಹೆಸರಿಟ್ಟರು. ಕಾರುಗಳು ಬರುವುದು ನಿಂತಿತು. ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚಿ ತುರುವೇಕೆರೆಗೆ ಹೋದ, ಹರಿದ ಗೋಣಿಚೀಲ ಹೊಲಿಯುವ ಕೆಲಸಕ್ಕೆ.

ಒಂದು ಸಲ ಹುಡುಕಿಕೊಂಡು ಹೋದೆ. ಚೀಲಗಳ ರಾಶಿಯ ನಡುವೆ ಕೂತಿದ್ದ. "ಅಣ್ಣ, ಅವತ್ತು ಉಜ್ಜಿದ್ದು ನಾನು. ತಪ್ಪಾಯ್ತು" ಎಂದೆ.

ಕೈಯಲ್ಲಿದ್ದ ದಬ್ಬಣ ನಿಲ್ಲಲಿಲ್ಲ. "ನಂಗೊತ್ತಿಲ್ವೇನ್ಲಾ? ಮೂಸ್ದಾಗ್ಲೇ ಗೊತ್ತಾಯ್ತು. ಗೊತ್ತಿಲ್ದೋರಿಗೆ ಹೋಗಿ ಹೇಳು."

"ಹೇಳ್ತೀನಿ ಅಣ್ಣ."

"ಹೇಳಿ ಆಮೇಲೆ ಬಾ. ಅಲ್ಲೀಗಂಟ ಈ ಕಡೆ ಬರ್ಬ್ಯಾಡ."

ಮತ್ತೆ ಆ ಕಡೆ ಹೋಗಲಿಲ್ಲ. ಹೆಂಡತಿ, ಮಕ್ಕಳು, ಕೆಲಸ ಎಂದು ನನಗೆ ನಾನೇ ನೂರು ನೆಪ ಹೇಳಿಕೊಂಡೆ. ಕೆಲವು ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ಮಂಡಿಯಲ್ಲಿ ಹಮಾಲಿಯೊಬ್ಬ, "ಥಿನ್ನರ್ ಈರಣ್ಣ ಹೋಗ್ಬುಟ್ನಂತೆ, ತುರುವೇಕೆರೇಲಿ" ಎಂದ.

ಯಜಮಾನರು ಪೇಪರಿನಿಂದ ತಲೆಯೆತ್ತಿ ನನ್ನ ಕಡೆ ನೋಡಿದರು. ಅವರಿಗೆ ನೆನಪೇ ಇರಲಿಲ್ಲ. "ಯಾರ್ಲಾ ಅವ್ನು?"

"ನಮ್ಮ ಹಳೇ ಕಾರಿನ ಡ್ಯಾಶ್‌ಬೋರ್ಡ್‌ಗೆ ಥಿನ್ನರ್ ಹಾಕಿ ಕೆಡಿಸಿದ್ನಲ್ಲ ಯಜಮಾನ್ರೇ, ಅವ್ನು" ಎಂದೆ.