ಫ್ಲೈಓವರಿನಲ್ಲಿ ಐದನೇ ಗೇರು

ಲಗ್ಗೆರೆಯ ನಮ್ಮ ಚಿಕ್ಕಪ್ಪ ಫ್ಯಾಕ್ಟರಿಗಳಿಗೆ ಜನರೇಟರ್ ಬಾಡಿಗೆಗೆ ಕೊಡುತ್ತಿದ್ದರು. ಎರಡು ಚಕ್ರದ ಮೇಲೆ ಕೂತ ಆ ಯಂತ್ರವನ್ನು ಡೀಸೆಲ್ ಪಿಕಪ್ಪಿನ ಹಿಂದೆ ಕಟ್ಟಿ ಎಳೆದೊಯ್ಯುವ ಡ್ರೈವರ್ ನಾನು. ಜನರೇಟರಿನ ಸದ್ದು ಕೇಳಿಯೇ ಅದೆಷ್ಟು ಡೀಸೆಲ್ ಕುಡಿಯುತ್ತಿದೆ ಎಂದು ಹೇಳಬಲ್ಲ ಕಿವಿ ಚಿಕ್ಕಪ್ಪನದು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆ ಕಿವಿಯನ್ನು ಪಿಕಪ್ಪಿಗೂ ತಂದಿಟ್ಟರು.

“ಮೂರನೇ ಗೇರಲ್ಲಿ ಅರಚುತ್ತೆ, ಐದರಲ್ಲಿ ಮೆತ್ತಗಿರುತ್ತೆ. ಸದ್ದು ಜಾಸ್ತಿ ಆದ್ರೆ ಡೀಸೆಲ್ ಜಾಸ್ತಿ ಕಣೋ. ಫ್ಲೈಓವರ್ ಏರೋವಾಗ್ಲೂ ಐದರಲ್ಲೇ ಹೋಗು.”

“ಭಾರ ಎಳೀವಾಗ ಇಂಜಿನ್ನಿಗೆ ಉಬ್ಬಸ ಬರುತ್ತೆ ಚಿಕ್ಕಪ್ಪ. ಕೆಳಗಿನ ಗೇರಿಗೆ ಇಳಿಸಿದ್ರೇನೇ ಡೀಸೆಲ್ ಉಳಿಯೋದು.”

“ನಂಗೇ ಪಾಠನಾ? ನಾಳೆ ನೀನು ಓಡ್ಸು, ನಾಡಿದ್ದು ನಾನು. ನನ್ನ ಕೈಲಿ ಕಮ್ಮಿ ಕುಡಿದ್ರೆ ಕೀ ನಂಗೆ ಕೊಟ್ಬಿಡು.”

ಕೀ ಹೋದರೆ ನನಗುಳಿಯುವುದು ಶೆಡ್ಡಿನಲ್ಲಿ ಕೇಬಲ್ ಸುತ್ತುವ ಕೆಲಸ.

ಪಂದ್ಯ ಹೀಗೆ: ಟ್ಯಾಂಕಿನ ಕತ್ತಿನವರೆಗೆ ಡೀಸೆಲ್ ತುಂಬಿಸಿ ಹೊರಡುವುದು, ಜನರೇಟರ್ ಎಳೆದುಕೊಂಡು ಮಾಕಳಿಗೆ ಹೋಗಿ ಬಂದು, ಮತ್ತೆ ಕತ್ತಿನವರೆಗೆ ಎಷ್ಟು ಹಿಡಿಯಿತೆಂದು ನೋಡುವುದು. ಸಾಕ್ಷಿಗೆ ನಡುವಿನ ಸೀಟಿನಲ್ಲಿ ಅಜ್ಜಿ, ಅಂದರೆ ಚಿಕ್ಕಪ್ಪನ ಅವ್ವ.

ನನ್ನ ದಿನ ಏರಿನಲ್ಲಿ ಮೂರಕ್ಕೆ ಇಳಿಸಿದೆ, ಸಮತಟ್ಟಿನಲ್ಲಿ ಮತ್ತೆ ಮೇಲಕ್ಕೇರಿಸಿದೆ. ಅಷ್ಟು ಸದ್ದಿನಲ್ಲೂ ಅಜ್ಜಿ ನಿದ್ದೆ ಹೊಡೆದಳು.

ಚಿಕ್ಕಪ್ಪನ ದಿನ ಫ್ಲೈಓವರ್ ಅರ್ಧ ಏರುವಷ್ಟರಲ್ಲಿ ಗಾಡಿ ಅದುರತೊಡಗಿತು. ಚಿಕ್ಕಪ್ಪ ಆಕ್ಸಿಲರೇಟರನ್ನು ನೆಲಕ್ಕಂಟಿಸಿದರು. ಕಪ್ಪು ಹೊಗೆ ಬಂತೇ ಹೊರತು ವೇಗ ಬರಲಿಲ್ಲ. ಸೊಪ್ಪಿನ ಮೂಟೆ ಹೇರಿದ್ದ ಮೊಪೆಡ್ಡಿನವನೊಬ್ಬ ನಮ್ಮನ್ನು ದಾಟುತ್ತಾ, “ತಳ್ಬೇಕಾ ಅಣ್ಣಾ?” ಎಂದ.

ಅಜ್ಜಿ ನನ್ನ ತೋಳು ಹಿಡಿದುಕೊಂಡಳು. “ಯಾಕ್ಲಾ ಇಂಗ್ ನಡುಗ್ತೈತೆ? ಚಳಿ ಜ್ವರ ಬಂದೈತಾ ಇದ್ಕೆ?”

“ಸುಮ್ನಿರವ್ವಾ. ಸದ್ದು ಕೇಳು, ಎಷ್ಟು ಮೆತ್ತಗಿದೆ.”

“ಸಾಯಕ್ ಬಿದ್ದೋರೂ ಮೆತ್ತಗೇ ಇರ್ತಾರೆ ಕಣ್ಲಾ.”

ಚಿಕ್ಕಪ್ಪ ಗೇರು ಮಾತ್ರ ಬದಲಿಸಲಿಲ್ಲ.

ವಾಪಸು ಬಂದು ಬಂಕಿನಲ್ಲಿ ಡೀಸೆಲ್ ಬಿಡಿಸಿದೆವು. ಮೀಟರು ನನ್ನ ದಿನದ ಅಂಕಿ ದಾಟಿ ಹೋಗುತ್ತಲೇ ಇತ್ತು. ಚಿಕ್ಕಪ್ಪ ಗಾಡಿಯನ್ನೊಮ್ಮೆ ಕುಲುಕಿ ನೋಡಿದರು. ಟ್ಯಾಂಕಿನೊಳಗಿನ ಗಾಳಿ ಹೊರಬಿದ್ದು ಇನ್ನಷ್ಟು ಡೀಸೆಲ್ ಹಿಡಿಯಿತು.

“ಇವತ್ತು ಗಾಳಿ ಎದುರಿತ್ತು,” ಎಂದರು.

“ಓಗೋವಾಗ್ಲೂ ಎದ್ರು, ಬರೋವಾಗ್ಲೂ ಎದ್ರಾ?” ಅಜ್ಜಿ ಒಳಗಿನಿಂದಲೇ ಕೇಳಿದಳು.

ಚಿಕ್ಕಪ್ಪ ಕೀಯನ್ನು ನನ್ನ ಅಂಗೈಗೆ ಹಾಕಿದರು. “ಮೊಣಕಾಲು ಹಿಡ್ಕೊಂಡಿದೆ ಕಣೋ. ನೀನೇ ಓಡ್ಸು.”

ಲಗ್ಗೆರೆಯ ತಿರುವು ಬಂತು. ಚಿಕ್ಕಪ್ಪ ಕಿಟಕಿಯಾಚೆ ನೋಡುತ್ತಲೇ ಕೇಳಿದರು: “ಮೂರಕ್ಕೇ ಇಳಿಸ್ಬೇಕಾ, ನಾಲ್ಕು ಸಾಕಾಗಲ್ವಾ?”